ಮಗ ‘ನಾನು ಹಸಿವು’ ಎಂದಾಗ: ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೊವರೆಗೆ ಒಂದು ಭಾಷಾ ಪಯಣ

ಒಂದು ಶುಕ್ರವಾರ ಮಧ್ಯಾಹ್ನ ಊರಿನಿಂದ ಅಮ್ಮನ ವಿಡಿಯೋ ಕಾಲ್ ಬಂತು. ವಾರಕ್ಕೊಮ್ಮೆ ಬರುವ ಕರೆ. ನಮ್ಮ ಹತ್ತು ವರ್ಷದ ಮಗನನ್ನು ಕಂಡು ಅಮ್ಮ ಎಂದಿನಂತೆ, “ಊಟ ಆಯ್ತಾ ಮಗಾ?” ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿ, “ಇಲ್ಲ ಅಜ್ಜಿ, ನಾನು ಹಸಿವು ಇಲ್ಲ” ಎಂದ. ಅಮ್ಮ ನಕ್ಕರು. “ಎಂತ ಮಗಾ, ನೀನೇ ಹಸಿವಾ?” ಅಂದರು. ನಾವೂ ನಕ್ಕೆವು. ಆದರೆ ಮಗ ನಗಲಿಲ್ಲ. ಫೋನನ್ನು ನಮ್ಮ ಕೈಗೆ ಕೊಟ್ಟು ಒಳಗೆ ಹೋದ. ಅದರ ನಂತರ ಎರಡು ಮೂರು ವಾರ ಅಜ್ಜಿಯ ಕರೆ ಬಂದರೆ “ಹಾಯ್ ಅಜ್ಜಿ, ಬೈ ಅಜ್ಜಿ” ಅಷ್ಟೇ.

ಗಲ್ಫ್‌ನಲ್ಲಿ ಮಕ್ಕಳನ್ನು ಸಾಕುತ್ತಿರುವ ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ. ಶಾಲೆಯಲ್ಲಿ ಇಂಗ್ಲಿಷ್, ಎರಡನೇ ಭಾಷೆಯಾಗಿ ಹಿಂದಿ, ಪಕ್ಕದ ಫ್ಲಾಟಿನಲ್ಲಿ ಮಲಯಾಳ, ಬಕಾಲದಲ್ಲಿ ಅರೆಬರೆ ಅರಬಿ. ಕನ್ನಡ ಅಂದರೆ ಅಪ್ಪ ಅಮ್ಮ ಗದರುವ ಭಾಷೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಕ್ಯಾಂಪಿನಲ್ಲಿ ಇರುವ ಗೆಳೆಯರ ಕಷ್ಟ ಬೇರೆ. ಅವರ ಮಕ್ಕಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ಅಪ್ಪನೊಂದಿಗೆ ಆಡಲು ಮಾತೇ ಇರುವುದಿಲ್ಲ.

ಅದೇ ವರ್ಷ ರಜೆಯಲ್ಲಿ ಅಣ್ಣನ ಒತ್ತಾಯಕ್ಕೆ ನಾವು ಮೂವರೂ ಅಮೆರಿಕಕ್ಕೆ ಹೋದೆವು. ಅಣ್ಣ ಅತ್ತಿಗೆ ಇರುವುದು ಲಾಸ್ ಏಂಜಲೀಸ್ ಪಕ್ಕದಲ್ಲಿ. ಹತ್ತಿರದ ಆರ್ಟೀಶಿಯಾ ಪಟ್ಟಣದ ಪಯೋನಿಯರ್ ಬೀದಿಗೆ ‘ಲಿಟಲ್ ಇಂಡಿಯಾ’ ಎಂದೇ ಹೆಸರು. ಸೀರೆ ಅಂಗಡಿ, ಚಾಟ್ ಅಂಗಡಿ ಎಲ್ಲ ಇದೆ. ಅಲ್ಲಿ ಅಣ್ಣನ ಮಗಳ ಜೊತೆ ನಡೆಯುವಾಗ ನಮ್ಮ ಸಮಸ್ಯೆಯೇ ಇನ್ನೊಂದು ವೇಷದಲ್ಲಿ ಎದುರಾಯಿತು. ಅತ್ತಿಗೆ ಕನ್ನಡದಲ್ಲಿ ಕೇಳುತ್ತಾರೆ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಎಲ್ಲ ಅರ್ಥವಾಗುತ್ತದೆ, ಬಾಯಿ ಬರುವುದಿಲ್ಲ.

ಅಣ್ಣನ ಪರಿಚಯದವರೊಬ್ಬರು ಭಾಷಾವಿಜ್ಞಾನ ಓದಿದವರು. ಊಟಕ್ಕೆ ಬಂದಿದ್ದ ಅವರ ಮುಂದೆ ‘ನಾನು ಹಸಿವು’ ಕಥೆ ಹೇಳಿದೆವು. ಅವರು ನಗಲಿಲ್ಲ. “ನಿಮ್ಮ ಮಗ ತಪ್ಪು ಮಾಡಿಲ್ಲ, ಲೆಕ್ಕ ಹಾಕಿದ್ದಾನೆ. ಆ ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ಐವತ್ತು ವರ್ಷಗಳಿಂದ ಜನ ತಲೆ ಕೆಡಿಸಿಕೊಂಡಿರುವುದು ಇದೇ ಊರಲ್ಲಿ, ಮತ್ತೆ ಕೆಳಗೆ ಸ್ಯಾನ್ ಡಿಯಾಗೊದಲ್ಲಿ” ಎಂದರು. ಹಾಗೆ ನಮ್ಮ ಪ್ರವಾಸದ ನಾಲ್ಕು ದಿನ ಡಿಸ್ನಿಲ್ಯಾಂಡಿನ ಬದಲು ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಕಳೆಯಿತು. ಅಲ್ಲಿ ಕೇಳಿದ್ದು, ಆಮೇಲೆ ಓದಿಕೊಂಡದ್ದು, ನಮಗೆ ಉಪಯೋಗಕ್ಕೆ ಬಂದದ್ದು ಇಲ್ಲಿದೆ.

ಭಾಷೆಯನ್ನು ನೋಡುವ ಎರಡು ದಾರಿ

1957ರಲ್ಲಿ ನೋಮ್ ಚಾಮ್‌ಸ್ಕಿ ಬರೆದ ಪುಟ್ಟ ಪುಸ್ತಕವೊಂದು ಭಾಷಾವಿಜ್ಞಾನದ ದಿಕ್ಕನ್ನೇ ಬದಲಿಸಿತು. ಅವರ ವಾದದ ತಿರುಳು ಇಷ್ಟು: ಮನುಷ್ಯನ ಮಿದುಳಿನಲ್ಲಿ ಹುಟ್ಟಿನಿಂದಲೇ ವ್ಯಾಕರಣದ ಒಂದು ಚೌಕಟ್ಟು ಇರುತ್ತದೆ, ಜಗತ್ತಿನ ಎಲ್ಲ ಭಾಷೆಗಳೂ ಆ ಒಂದೇ ಚೌಕಟ್ಟಿನ ಬೇರೆ ಬೇರೆ ರೂಪಗಳು. ಯಾರು, ಯಾವಾಗ, ಯಾರೊಂದಿಗೆ, ಯಾಕೆ ಮಾತಾಡಿದರು ಎಂಬುದು ಇಲ್ಲಿ ಮುಖ್ಯವಲ್ಲ, ವಾಕ್ಯದ ರಚನೆ ಮುಖ್ಯ.

ಇದಕ್ಕೆ ಎದುರಾಗಿ ಇನ್ನೊಂದು ದಾರಿ ಇದೆ. ಅದನ್ನು ಕಾರ್ಯಾತ್ಮಕ ಭಾಷಾವಿಜ್ಞಾನ ಎನ್ನುತ್ತಾರೆ. ಸುತ್ತಿಗೆಯ ಆಕಾರ ಹಾಗೇಕೆ ಇದೆ ಎಂದು ತಿಳಿಯಬೇಕಾದರೆ ಮೊಳೆ ಹೊಡೆಯುವುದನ್ನು ನೋಡಬೇಕು. ಹಾಗೆಯೇ ವ್ಯಾಕರಣ ಹೀಗೇಕೆ ಇದೆ ಎಂದು ತಿಳಿಯಲು ಜನ ಅದರಿಂದ ಏನು ಕೆಲಸ ಮಾಡಿಸಿಕೊಳ್ಳುತ್ತಾರೆ ಎಂದು ನೋಡಬೇಕು ಎನ್ನುವುದು ಈ ದಾರಿಯವರ ಮಾತು. 1970ರ ದಶಕದಿಂದ ಈಚೆಗೆ ಈ ಚಿಂತನೆ ಬೇರುಬಿಟ್ಟ ಮುಖ್ಯ ಜಾಗಗಳಲ್ಲಿ ಒಂದು ಅಮೆರಿಕದ ಪಶ್ಚಿಮ ಕರಾವಳಿ. ಲಾಸ್ ಏಂಜಲೀಸ್, ಸಾಂತಾ ಬಾರ್ಬರಾ, ಸ್ಯಾನ್ ಡಿಯಾಗೊ ಇವು ಅದರ ಠಾಣೆಗಳು. ಟಾಲ್ಮಿ ಗಿವೋನ್, ಸಾಂಡ್ರಾ ಥಾಂಪ್ಸನ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಜಗತ್ತಿನ ಭಾಷೆಗಳನ್ನು ಹೋಲಿಸಿ ನೋಡಿದ ಬರ್ನಾರ್ಡ್ ಕಾಮ್ರಿ ಅದೇ ಊರಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇದ್ದರು.

ಕನ್ನಡ ಕಲಿತ ಲಾಸ್ ಏಂಜಲೀಸ್ ಮೇಷ್ಟ್ರು

ನಮಗೆ ಹೆಚ್ಚು ಆಶ್ಚರ್ಯ ತಂದದ್ದು ಮಾತ್ರ ವಿಲಿಯಂ ಬ್ರೈಟ್ ಅವರ ಹೆಸರು. ಲಾಸ್ ಏಂಜಲೀಸ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ಆಕ್ಸ್‌ನಾರ್ಡ್ ಎಂಬ ಊರಲ್ಲಿ 1928ರಲ್ಲಿ ಹುಟ್ಟಿದ ಬ್ರೈಟ್, ಮೊದಲು ಉತ್ತರ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಕಾರುಕ್ ಭಾಷೆಯ ಮೇಲೆ ಕೆಲಸ ಮಾಡಿದರು. ಆಮೇಲೆ 1950ರ ದಶಕದ ಮಧ್ಯದಲ್ಲಿ ಪುಣೆಯ ಡೆಕ್ಕನ್ ಕಾಲೇಜಿಗೆ ಬಂದರು. ಅಲ್ಲಿ ಹಿಡಿದದ್ದು ಕನ್ನಡ. ಅದೂ ಗ್ರಂಥದ ಕನ್ನಡವಲ್ಲ, ಜನ ಆಡುವ ಕನ್ನಡ. 1958ರಲ್ಲಿ ಡೆಕ್ಕನ್ ಕಾಲೇಜು ಅವರ ಆಡುಗನ್ನಡದ ವ್ಯಾಕರಣವನ್ನು ಅಚ್ಚು ಹಾಕಿತು. ‘ಮಾಡುತ್ತಿದ್ದೇನೆ’ ಎಂದು ಬರೆದು ‘ಮಾಡ್ತಿದ್ದೀನಿ’ ಎಂದು ಆಡುವ ನಮ್ಮ ಜನರ ಮಾತನ್ನು ಹೊರಗಿನವರೊಬ್ಬರು ಗಂಭೀರವಾಗಿ ಕೂತು ಬರೆದುಕೊಂಡರು. 1959ರಿಂದ 1988ರವರೆಗೆ ಅವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು.

ಕನ್ನಡದವರೇ ಆದ ಎ. ಕೆ. ರಾಮಾನುಜನ್ ಜೊತೆ ಸೇರಿ ಬ್ರೈಟ್ ಒಂದು ಮುಖ್ಯ ಪ್ರಬಂಧ ಬರೆದರು. 1962ರಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ನಡೆದ ಭಾಷಾವಿಜ್ಞಾನಿಗಳ ವಿಶ್ವ ಸಮ್ಮೇಳನದಲ್ಲಿ ಮಂಡನೆಯಾಗಿ 1964ರಲ್ಲಿ ಅಚ್ಚಾದ ಅದರ ವಿಷಯ ದಕ್ಷಿಣ ಭಾರತದ ಜಾತಿವಾರು ಮಾತುಗಳು. ಭಾಷೆ ಬದಲಾಗುವುದು ಯಾರ ಬಾಯಲ್ಲಿ, ಯಾಕೆ ಎಂಬುದು ಪ್ರಶ್ನೆ. ಕನ್ನಡದಲ್ಲಿ ಬ್ರಾಹ್ಮಣರು ‘ಇದೆ’ ಎನ್ನುವಲ್ಲಿ ಇತರರು ‘ಐತಿ’ ಎನ್ನುವಂಥ ವ್ಯತ್ಯಾಸಗಳನ್ನು ಅವರು ಪಟ್ಟಿ ಮಾಡಿದರು. ಓದು ಬರಹ ಇದ್ದವರ ಮಾತಿನಲ್ಲಿ ಉಚ್ಚಾರಣೆ ಹಳೆಯದಕ್ಕೆ ಅಂಟಿಕೊಂಡು ಹೊಸ ಪದಗಳು ಹೊರಗಿನಿಂದ ಬರುತ್ತವೆ. ಓದು ಬರಹದ ಹಿಡಿತ ಇಲ್ಲದ ಕಡೆ ಉಚ್ಚಾರಣೆ, ಪ್ರತ್ಯಯಗಳು ತಾವಾಗಿಯೇ ಬದಲಾಗುತ್ತವೆ ಎಂದು ಅವರಿಗೆ ಕಂಡಿತು.

ಇದು ಹುಟ್ಟಿನ ಕಾರಣವೋ, ಅಕ್ಷರದ ಕಾರಣವೋ? ಪರೀಕ್ಷೆಗೆ ಅವರಿಗೆ ಸಿಕ್ಕಿದ್ದು ನಮ್ಮ ತುಳು. ತುಳುವಿನಲ್ಲಿ ಕನ್ನಡದಂತೆ ಬರಹದ ಸಂಪ್ರದಾಯ ಬಲವಾಗಿ ನೆಲೆ ನಿಂತಿರಲಿಲ್ಲ. ಹಾಗಾಗಿ ಅಲ್ಲಿ ಬ್ರಾಹ್ಮಣರ ತುಳುವೂ ಇತರರ ತುಳುವೂ ಎರಡೂ ತಮ್ಮ ತಮ್ಮ ದಾರಿಯಲ್ಲಿ ಬದಲಾಗಿದ್ದವು. ಅಂದರೆ ಬದಲಾವಣೆಗೆ ಬ್ರೇಕ್ ಹಾಕುವುದು ಜಾತಿಯಲ್ಲ, ಬರಹ. ಕ್ಯಾಂಪಿನ ಒಂದೇ ರೂಮಿನಲ್ಲಿ ಧಾರವಾಡದವರ ‘ಐತ್ರಿ’, ಮಂಡ್ಯದವರ ‘ಐತೆ’, ಮಂಗಳೂರಿನವರ ‘ಉಂಟು’ ಎಲ್ಲ ಕೇಳುವ ನಮಗೆ ಇದರಲ್ಲಿ ಒಂದು ಪಾಠ ಇದೆ. ಇವುಗಳಲ್ಲಿ ಯಾವುದೂ ಕೆಟ್ಟ ಕನ್ನಡವಲ್ಲ. ಪ್ರತಿಯೊಂದಕ್ಕೂ ಅದರದೇ ಚರಿತ್ರೆ ಇದೆ.

1964ರಲ್ಲಿ ಬ್ರೈಟ್ ತಮ್ಮ ವಿಶ್ವವಿದ್ಯಾಲಯದಲ್ಲಿ ಸಮಾಜ ಭಾಷಾವಿಜ್ಞಾನದ ಸಮಾವೇಶ ಕರೆದರು. ಆ ಶಾಸ್ತ್ರ ಹುಟ್ಟಿದ ಕಾಲದ ದೊಡ್ಡ ಕೂಟಗಳಲ್ಲಿ ಅದೂ ಒಂದು. 1966ರಿಂದ 1987ರವರೆಗೆ ಅಮೆರಿಕದ ಭಾಷಾವಿಜ್ಞಾನ ಸಂಘದ ‘ಲ್ಯಾಂಗ್ವೇಜ್’ ಪತ್ರಿಕೆಗೆ ಅವರೇ ಸಂಪಾದಕರು. 2006ರಲ್ಲಿ ತೀರಿಕೊಂಡರು.

‘ಮಾಫಿ’ ಎಂಬ ಒಂದೇ ಪದದ ದುಡಿಮೆ

ಗಿವೋನ್ ಅವರ ವಿಚಾರ ಕೇಳಿದಾಗ ನಮಗೆ ನೆನಪಾದದ್ದು ಗಲ್ಫ್ ಬೀದಿ. ಮಾತಿಗೆ ಎರಡು ಬಗೆಯ ನಡೆ ಇದೆ ಎಂದು 1979ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದರು. ಒಂದು, ವ್ಯಾಕರಣ ಕಡಿಮೆ ಇದ್ದು ಸಂದರ್ಭದ ಮೇಲೆ ನಿಂತ ನಡೆ. ಪುಟ್ಟ ಮಕ್ಕಳು, ಬೇರೆ ಬೇರೆ ಭಾಷೆಯವರು ಒಟ್ಟಿಗೆ ದುಡಿಯುವಾಗ ಹುಟ್ಟುವ ಬೆರಕೆ ಮಾತುಗಳು ಈ ಬಗೆಯವು. ಇನ್ನೊಂದು, ಪ್ರತ್ಯಯ, ವಿಭಕ್ತಿ, ಕಾಲ ಎಲ್ಲ ಕೂಡಿದ ಪಕ್ವ ನಡೆ. ಒಬ್ಬರಿಗೊಬ್ಬರು ಪರಿಚಯವಿಲ್ಲದೆ, ಎದುರಿಗಿಲ್ಲದ ವಿಷಯವನ್ನು, ಬೇಗ ಬೇಗ ಹೇಳಬೇಕಾದಾಗ ವ್ಯಾಕರಣ ಬೇಕಾಗುತ್ತದೆ.

ನಾವು ಸೈಟಿನಲ್ಲಿ ಆಡುವ ಅರಬಿ ಮೊದಲನೇ ಬಗೆಗೆ ಎಂಥ ಒಳ್ಳೆಯ ಉದಾಹರಣೆ! ‘ಪೈಸಾ ಮಾಫಿ’, ‘ಅನಾ ಮಾಲೂಮ್ ಮಾಫಿ’, ‘ಇಂತಾ ಬುಕ್ರಾ ರೂಹ್’. ಕ್ರಿಯಾಪದಕ್ಕೆ ಗಂಡು ಹೆಣ್ಣು ಇಲ್ಲ, ಏಕವಚನ ಬಹುವಚನ ಇಲ್ಲ. ‘ಮಾಫಿ’ ಒಂದೇ ಪದ ಇಲ್ಲ, ಅಲ್ಲ, ಬೇಡ, ಗೊತ್ತಿಲ್ಲ ಎಲ್ಲಕ್ಕೂ ದುಡಿಯುತ್ತದೆ. ಭಾಷಾವಿಜ್ಞಾನಿಗಳು ಇದಕ್ಕೆ ‘ಗಲ್ಫ್ ಪಿಜಿನ್ ಅರಬಿ’ ಎಂದು ಹೆಸರಿಟ್ಟು ಅಧ್ಯಯನ ಮಾಡುತ್ತಾರೆ. ಬಾಂಗ್ಲಾ, ಕೇರಳ, ಫಿಲಿಪೈನ್ಸ್, ನೇಪಾಳ, ಮಂಗಳೂರು ಎಲ್ಲ ಸೇರಿ ಕಟ್ಟಿದ ಮಾತು ಅದು. ಕೆಲಸ ನಡೆಯುತ್ತದೆ. ಆದರೆ ಆ ಮಾತಿನಲ್ಲಿ ಯಾರಾದರೂ ತನ್ನ ಅಮ್ಮನ ಕಾಯಿಲೆಯ ಕಥೆ ಹೇಳಬಹುದೇ? ಕಷ್ಟ. ಮನೆಯಲ್ಲಿ ಮಗನ ಕನ್ನಡವೂ ‘ಬಾ, ತಿನ್ನು, ಓದು, ಮಲಗು’ ಎಂಬ ನಾಲ್ಕು ಪದಕ್ಕೆ ಇಳಿದರೆ ಅದೂ ಒಂದು ಪಿಜಿನ್ ಆಗುತ್ತದೆ ಎಂದು ನಮಗೆ ಆಗ ಹೊಳೆಯಿತು.

ಗಿವೋನ್ ಅವರ ಇನ್ನೊಂದು ವಿಚಾರ: ಇಂದು ಪ್ರತ್ಯಯವಾಗಿ ಕಾಣುವುದು ಹಿಂದೆ ಸ್ವತಂತ್ರ ಪದವಾಗಿತ್ತು. ಕನ್ನಡದಲ್ಲೇ ನೋಡಿ. ‘ಕೊಳ್ಳು’ ಎಂದರೆ ತೆಗೆದುಕೊಳ್ಳು, ಖರೀದಿಸು. ಅದೇ ‘ಮಾಡಿಕೊಂಡ’ ಎಂಬಲ್ಲಿ ತನಗಾಗಿ ಎಂಬ ಅರ್ಥ ಕೊಡುವ ತುಣುಕಾಗಿ, ಬಾಯಲ್ಲಿ ‘ಮಾಡ್ಕೊಂಡ’ ಆಗಿದೆ. ‘ಬಿಡು’ ಎಂಬ ಪದ ‘ತಿಂದುಬಿಟ್ಟ’ ಎಂಬಲ್ಲಿ ಕೆಲಸ ಪೂರ್ತಿ ಮುಗಿಯಿತು ಎಂದು ಸೂಚಿಸುತ್ತದೆ. ಸವೆದ ನಾಣ್ಯದಂತೆ ಸವೆದ ಪದಗಳೇ ವ್ಯಾಕರಣ.

ರೈಲಿನಲ್ಲಿ ದಕ್ಷಿಣಕ್ಕೆ

ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್‌ನಿಂದ ಸ್ಯಾನ್ ಡಿಯಾಗೊಗೆ ಹೋಗುವ ಪೆಸಿಫಿಕ್ ಸರ್ಫ್‌ಲೈನರ್ ರೈಲು ಬಹಳ ದೂರ ಸಮುದ್ರದ ಪಕ್ಕದಲ್ಲೇ ಓಡುತ್ತದೆ. ಉಡುಪಿ ಕಾರವಾರದ ಕಡೆ ರೈಲಿನಲ್ಲಿ ಹೋದಂತೆ ಅನಿಸಿತು. ನಡುವೆ ಅರ್ವೈನ್ ಎಂಬ ಊರು ಬರುತ್ತದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇದ್ದ ಹಾರ್ವಿ ಸ್ಯಾಕ್ಸ್, ಲಾಸ್ ಏಂಜಲೀಸ್‌ನ ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಸೇರಿ 1974ರಲ್ಲಿ ಜನ ಸರದಿಯಲ್ಲಿ ಹೇಗೆ ಮಾತಾಡುತ್ತಾರೆ ಎಂಬುದರ ಮೇಲೆ ಒಂದು ಲೇಖನ ಬರೆದರು. ಯಾರು ಮಾತು ಮುಗಿಸುತ್ತಾರೆ, ಯಾರು ಎತ್ತಿಕೊಳ್ಳುತ್ತಾರೆ ಎಂಬ ಸಾಮಾನ್ಯ ಸಂಗತಿಗೂ ನಿಯಮ ಇದೆ ಎಂದು ಅವರು ತೋರಿಸಿದರು. ಅದು ಬಂದದ್ದು ಬ್ರೈಟ್ ಸಂಪಾದಕರಾಗಿದ್ದ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲೇ. ಆ ಪತ್ರಿಕೆಯ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನಗಳಲ್ಲಿ ಅದು ಸೇರಿದೆ.

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಲಾ ಹೋಯಾದ ಗುಡ್ಡದ ಮೇಲಿದೆ. ಮಕ್ಕಳ ಪ್ರಾಸದ ಪುಸ್ತಕಗಳ ಡಾಕ್ಟರ್ ಸ್ಯೂಸ್ ಅವರ ನಿಜ ಹೆಸರು ಹೊತ್ತ ಗೈಸೆಲ್ ಗ್ರಂಥಾಲಯ ಅಲ್ಲಿದೆ. ಮಗ ಅವರ ಪುಸ್ತಕ ಓದಿದ್ದರಿಂದ ಕುಣಿದಾಡಿದ. 1986ರಲ್ಲಿ ಜಗತ್ತಿನ ಮೊದಲ ಅರಿವಿನ ವಿಜ್ಞಾನ ವಿಭಾಗ ಶುರುವಾದದ್ದು ಈ ವಿಶ್ವವಿದ್ಯಾಲಯದಲ್ಲಿ.

ಇಲ್ಲಿನ ರೊನಾಲ್ಡ್ ಲ್ಯಾಂಗಕರ್ 1987 ಮತ್ತು 1991ರಲ್ಲಿ ಎರಡು ಸಂಪುಟಗಳಲ್ಲಿ ‘ಅರಿವಿನ ವ್ಯಾಕರಣ’ವನ್ನು ಕಟ್ಟಿದರು. ವ್ಯಾಕರಣದ ಪ್ರತಿ ತುಣುಕಿಗೂ ಅರ್ಥ ಇದೆ, ಅದು ಜಗತ್ತನ್ನು ನಾವು ಯಾವ ಕೋನದಿಂದ ನೋಡುತ್ತೇವೆ ಎಂಬುದನ್ನು ಹೇಳುತ್ತದೆ ಎನ್ನುವುದು ಅವರ ನಿಲುವು. ಇಲ್ಲೇ ನಮಗೆ ‘ನಾನು ಹಸಿವು’ ವಾಕ್ಯದ ಗಂಟು ಸಡಿಲವಾಯಿತು.

ಕನ್ನಡದಲ್ಲಿ ‘ನಾನು ಓಡಿದೆ’, ‘ನಾನು ತಿಂದೆ’ ಎನ್ನುತ್ತೇವೆ. ಆದರೆ ‘ನನಗೆ ಹಸಿವು’, ‘ನನಗೆ ಜ್ವರ’, ‘ನನಗೆ ಸಿಟ್ಟು ಬಂತು’, ‘ನನಗೆ ಗೊತ್ತು’, ‘ನನಗೆ ಬೇಕು’. ಓಡುವುದು ನಮ್ಮ ಕೈಯಲ್ಲಿದೆ. ಹಸಿವು, ಜ್ವರ, ಸಿಟ್ಟು ನಮ್ಮ ಕೈಯಲ್ಲಿಲ್ಲ, ಅವು ನಮ್ಮ ಕಡೆಗೆ ಬರುತ್ತವೆ. ಆದ್ದರಿಂದ ‘ಗೆ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಅಚ್ಚು. ಮಗ ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡದ ಹಿಟ್ಟು ಒತ್ತಿದ್ದ, ಅಷ್ಟೇ. ಈ ‘ಗೆ’ ವಾಕ್ಯಗಳಲ್ಲಿ ಕರ್ತೃ ಯಾರು ಎಂಬ ಪ್ರಶ್ನೆಯನ್ನು ಕನ್ನಡದ ಎಸ್. ಎನ್. ಶ್ರೀಧರ್ 1979ರಲ್ಲೇ ಚರ್ಚಿಸಿದ್ದರು. ನಮ್ಮ ದಕ್ಷಿಣ ಕನ್ನಡದವರೇ ಆದ ಡಿ. ಎನ್. ಶಂಕರ ಭಟ್ಟರು ಇನ್ನೂ ಮುಂದೆ ಹೋಗಿ, ಕರ್ತೃ ಕರ್ಮ ಎಂಬ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗೂ ಬೇಕೇ ಬೇಕು ಎಂಬ ನಂಬಿಕೆಯನ್ನೇ 1991ರ ಇಂಗ್ಲಿಷ್ ಪುಸ್ತಕದಲ್ಲಿ ಪ್ರಶ್ನಿಸಿದರು. ಕನ್ನಡಕ್ಕೆ ಸಂಸ್ಕೃತದ ಅಥವಾ ಇಂಗ್ಲಿಷಿನ ಅಂಗಿ ತೊಡಿಸಬೇಡಿ, ಅದರದೇ ವ್ಯಾಕರಣ ಬರೆಯಿರಿ ಎಂದು ಹೇಳುತ್ತ ಬಂದವರು ಅವರು.

ಪೆನ್ಸಿಲ್ ಹಸುವನ್ನು ಒದ್ದಾಗ

ಸ್ಯಾನ್ ಡಿಯಾಗೊದಲ್ಲಿ ನಾವು ಹೆಚ್ಚು ಕೇಳಿದ ಇನ್ನೊಂದು ಹೆಸರು ಎಲಿಜಬೆತ್ ಬೇಟ್ಸ್ (1947-2003). ಬ್ರಯನ್ ಮ್ಯಾಕ್‌ವಿನಿ ಜೊತೆ ಅವರು ಕಟ್ಟಿದ ಸಿದ್ಧಾಂತಕ್ಕೆ ‘ಪೈಪೋಟಿ ಮಾದರಿ’ ಎನ್ನಬಹುದು. ವಾಕ್ಯದಲ್ಲಿ ಯಾರು ಮಾಡಿದರು, ಯಾರಿಗೆ ಮಾಡಿದರು ಎಂದು ತಿಳಿಯಲು ನಮಗೆ ಹಲವು ಸುಳಿವುಗಳಿರುತ್ತವೆ: ಪದಗಳ ಸರದಿ, ಪ್ರತ್ಯಯ, ಕ್ರಿಯಾಪದದ ರೂಪ, ಜೀವ ಇರುವುದೋ ಇಲ್ಲದ್ದೋ ಎಂಬುದು. ಈ ಸುಳಿವುಗಳು ಒಂದಕ್ಕೊಂದು ಪೈಪೋಟಿ ನಡೆಸುತ್ತವೆ. ಯಾವ ಭಾಷೆಯಲ್ಲಿ ಯಾವ ಸುಳಿವು ಹೆಚ್ಚು ನಂಬಿಕಸ್ಥವೋ ಅದನ್ನು ಮಕ್ಕಳು ಬಳಸಿ ಬಳಸಿ ಕಲಿಯುತ್ತಾರೆ.

1982ರಲ್ಲಿ ಬೇಟ್ಸ್ ಮತ್ತು ಸಂಗಡಿಗರು ಇಂಗ್ಲಿಷ್ ಹಾಗೂ ಇಟಾಲಿಯನ್ ಮಾತಾಡುವವರಿಗೆ ವಿಚಿತ್ರ ವಾಕ್ಯಗಳನ್ನು ಕೊಟ್ಟು ನೋಡಿದರು. ಪೆನ್ಸಿಲ್ ಹಸುವನ್ನು ಒದೆಯಿತು ಎಂಬಂಥ ವಾಕ್ಯ ಕೇಳಿದರೆ ಇಂಗ್ಲಿಷಿನವರು ಮೊದಲು ಬಂದ ಪೆನ್ಸಿಲ್ಲೇ ಒದ್ದದ್ದು ಎನ್ನುತ್ತಾರೆ. ಅವರಿಗೆ ಸರದಿಯೇ ದೇವರು. ಇಟಲಿಯವರು ಅರ್ಥದ ಕಡೆ ವಾಲಿ, ಜೀವ ಇರುವ ಹಸುವೇ ಒದ್ದಿರಬೇಕು ಎನ್ನುತ್ತಾರೆ.

ಕನ್ನಡದಲ್ಲಿ ‘ನಾಯಿ ಹುಡುಗನನ್ನು ಅಟ್ಟಿಸಿಕೊಂಡು ಹೋಯಿತು’ ಎಂದರೂ ‘ಹುಡುಗನನ್ನು ನಾಯಿ ಅಟ್ಟಿಸಿಕೊಂಡು ಹೋಯಿತು’ ಎಂದರೂ ಓಡಿದವನು ಹುಡುಗನೇ. ‘ಅನ್ನು’ ಇದೆ, ‘ಹೋಯಿತು’ ಇದೆ, ಗೊಂದಲವಿಲ್ಲ. ಇನ್ನೊಂದು ಸೂಕ್ಷ್ಮ: ‘ಪುಸ್ತಕ ಓದಿದೆ’ ಎನ್ನುತ್ತೇವೆ, ‘ಅನ್ನು’ ಬೇಡ, ‘ರಾಮನ ನೋಡಿದೆ’, ‘ರಾಮನನ್ನು ನೋಡಿದೆ’ ಎನ್ನುತ್ತೇವೆ, ‘ರಾಮ ನೋಡಿದೆ’ ಎನ್ನುವುದಿಲ್ಲ. ಪುಸ್ತಕ ನಮ್ಮನ್ನು ಓದಲಾರದು, ರಾಮ ನಮ್ಮನ್ನು ನೋಡಬಲ್ಲ. ಗೊಂದಲ ಆಗುವಲ್ಲಿ ಗುರುತು ಹಾಕು, ಇಲ್ಲದಲ್ಲಿ ಬಿಡು. ಕಾರ್ಯಾತ್ಮಕ ವಿವರಣೆ ಎಂದರೆ ಇದೇ.

ಅದೇ ವಿಶ್ವವಿದ್ಯಾಲಯದ ಜೆಫ್ರಿ ಎಲ್ಮನ್ 1990ರಲ್ಲಿ ಒಂದು ಪುಟ್ಟ ಕಂಪ್ಯೂಟರ್ ಜಾಲಕ್ಕೆ ವಾಕ್ಯಗಳನ್ನು ಉಣಿಸಿ, ಮುಂದಿನ ಪದ ಯಾವುದು ಎಂದು ಊಹಿಸುವ ಕೆಲಸ ಕೊಟ್ಟರು. ಯಾರೂ ಹೇಳಿಕೊಡದೆ ಅದು ನಾಮಪದ ಕ್ರಿಯಾಪದಗಳನ್ನು ಬೇರೆ ಮಾಡಿಕೊಂಡಿತು. ಇಂದು ನಮ್ಮ ಫೋನಿನಲ್ಲಿ ಕನ್ನಡ ಟೈಪ್ ಮಾಡುವಾಗ ಮುಂದಿನ ಪದ ತಾನಾಗಿ ಬರುವುದು, ಕೃತಕ ಬುದ್ಧಿಮತ್ತೆ ಮಾತಾಡುವುದು ಇವೆಲ್ಲ ಆ ಊಹೆಯ ಆಟದ ದೊಡ್ಡ ಮೊಮ್ಮಕ್ಕಳು. ಅಲ್ಲೂ ನಿಯಮ ಒಂದೇ: ಉಣಿಸಿದಷ್ಟು ಕಲಿಕೆ.

ಮಕ್ಕಳೇ ಎದುರು ಸಾಕ್ಷಿ ನುಡಿದದ್ದು

ಹಾಗಂತ ಗೆಲುವು ಪೂರ್ತಿ ಈ ಕಡೆಗೇ ಎಂದು ಹೇಳಿದರೆ ತಪ್ಪಾಗುತ್ತದೆ. ಎದುರು ಪಕ್ಷಕ್ಕೆ ಬಲವಾದ ಸಾಕ್ಷಿ ಕೊಟ್ಟವರು ಕನ್ನಡದ ಮಕ್ಕಳೇ! ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕನ್ನಡದಲ್ಲಿ ‘ಓಡು’ ಎಂಬುದಕ್ಕೆ ‘ಇಸು’ ಸೇರಿಸಿದರೆ ‘ಓಡಿಸು’. ಇನ್ನೊಬ್ಬರಿಂದ ಮಾಡಿಸಿದ್ದು ಎಂಬುದಕ್ಕೆ ಇದಕ್ಕಿಂತ ನಂಬಿಕಸ್ಥ ಸುಳಿವು ಇಲ್ಲ. ಬಳಕೆಯಿಂದಲೇ ಎಲ್ಲ ಕಲಿಯುವುದಾದರೆ ಮಕ್ಕಳು ‘ಇಸು’ವನ್ನೇ ಹಿಡಿಯಬೇಕು. ಆದರೆ ಮೂರು ವರ್ಷದ ಆಸುಪಾಸಿನ ಕನ್ನಡದ ಮಕ್ಕಳು ಆಟಿಕೆಗಳಿಂದ ವಾಕ್ಯದ ಅರ್ಥ ತೋರಿಸುವಾಗ ‘ಇಸು’ವಿಗಿಂತ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿದರು. ಇದು ಹುಟ್ಟಿನಿಂದ ಬಂದ ಚೌಕಟ್ಟಿನ ಹೆಜ್ಜೆಗುರುತು ಎಂದು ಅವರು ವಾದಿಸಿದರು. ದೊಡ್ಡವರಾದ ಮೇಲೆ ‘ಇಸು’ವಿನ ಲೆಕ್ಕವೂ ಸರಿಯಾಗಿ ಬರುತ್ತದೆ. ಚರ್ಚೆ ಇನ್ನೂ ಮುಗಿದಿಲ್ಲ. ಹುಟ್ಟಿನಿಂದ ಏನೋ ಬರುತ್ತದೆ, ಉಳಿದದ್ದು ಬಳಕೆಯಿಂದ ಬರುತ್ತದೆ ಎಂದು ನಾವು ಸಾಮಾನ್ಯರು ಇಟ್ಟುಕೊಳ್ಳಬಹುದು. ತಂದೆ ತಾಯಿಯ ಕೈಯಲ್ಲಿರುವುದು ಆ ಉಳಿದದ್ದು ಮಾತ್ರ.

ಮನೆಮಾತು ಉಳಿಯುವುದು ಹೇಗೆ?

ನಮಗೆ ನಿಜವಾಗಿ ಬೇಕಾಗಿದ್ದ ಉತ್ತರ ಈ ಎರಡು ಊರುಗಳ ಇತ್ತೀಚಿನ ಸಂಶೋಧನೆಯಲ್ಲಿತ್ತು. ಮನೆಯಲ್ಲಿ ಒಂದು ಭಾಷೆ ಕೇಳಿ ಬೆಳೆದು, ಹೊರಗಿನ ದೊಡ್ಡ ಭಾಷೆಗೆ ಜಾರಿದವರನ್ನು ‘ಪರಂಪರೆಯ ಭಾಷಿಕರು’ ಎನ್ನುತ್ತಾರೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ರಾಷ್ಟ್ರೀಯ ಕೇಂದ್ರ ಇದೆ. ಅದನ್ನು ಮುನ್ನಡೆಸಿದ ಓಲ್ಗಾ ಕೇಗನ್, ಸ್ಯಾನ್ ಡಿಯಾಗೊದಲ್ಲಿ ಪಾಠ ಮಾಡಿದ್ದ ಮರಿಯಾ ಪೊಲಿನ್‌ಸ್ಕಿ ಸೇರಿ 2007ರಲ್ಲಿ ಬರೆದ ಲೇಖನ ಈ ಕ್ಷೇತ್ರದವರೆಲ್ಲ ಓದುವಂಥದ್ದು.

ಪೊಲಿನ್‌ಸ್ಕಿ ಅಮೆರಿಕದಲ್ಲಿ ಬೆಳೆದ ರಷ್ಯನ್ ಮಕ್ಕಳ ಮಾತನ್ನು ಅಧ್ಯಯನ ಮಾಡಿದರು. ರಷ್ಯನ್ ಭಾಷೆಗೆ ಆರು ವಿಭಕ್ತಿ. ಭಾಷೆ ಬಹಳ ಸವೆದವರ ಬಾಯಲ್ಲಿ ಅವು ಎರಡಕ್ಕೆ ಇಳಿದಿದ್ದವು. ಮೊದಲು ಹೋಗುವ ವಿಭಕ್ತಿಗಳಲ್ಲಿ ‘ಗೆ’ಗೆ ಸಮನಾದದ್ದೂ ಒಂದು. ಅಂದರೆ ‘ನನಗೆ’ ಹೋಗಿ ‘ನಾನು’ ಬರುವುದು ನಮ್ಮ ಮನೆಯ ಕಥೆ ಮಾತ್ರವಲ್ಲ. ಮತ್ತೊಂದು ಗಮನಿಸಬೇಕಾದ ವಿಷಯ: ಮಗು ಎಷ್ಟು ಸರಾಗವಾಗಿ, ಎಷ್ಟು ವೇಗವಾಗಿ ಮಾತಾಡುತ್ತದೆ ಎಂಬುದಕ್ಕೂ ಅದರ ವ್ಯಾಕರಣ ಎಷ್ಟು ಗಟ್ಟಿ ಎಂಬುದಕ್ಕೂ ಸಂಬಂಧ ಇದೆ. ತಡವರಿಸುವ ಮಗುವನ್ನು ನಾವು ಪ್ರತಿ ಪದಕ್ಕೂ ತಿದ್ದಿದರೆ ವೇಗ ಇನ್ನೂ ಕಡಿಮೆಯಾಗುತ್ತದೆ, ಬಾಯಿ ಮುಚ್ಚುತ್ತದೆ. ನಾವು ಆ ಶುಕ್ರವಾರ ನಕ್ಕಾಗ ಮಾಡಿದ್ದು ಅದನ್ನೇ.

ಇನ್ನೊಂದು ಸಂಶೋಧನೆ ನಮಗೆ ಧೈರ್ಯ ಕೊಟ್ಟಿತು. ಲಾಸ್ ಏಂಜಲೀಸ್‌ನ ಟೆರ್ರಿ ಆವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬಾಲ್ಯದಲ್ಲಿ ಕೆಲವು ವರ್ಷ ಸ್ಪ್ಯಾನಿಷ್ ಬರೀ ಕಿವಿಗೆ ಬಿದ್ದಿದ್ದು, ಆಮೇಲೆ ಬಿಟ್ಟು, ಕಾಲೇಜಿನಲ್ಲಿ ಮತ್ತೆ ಕಲಿಯಲು ಬಂದವರನ್ನು ಹೊಸದಾಗಿ ಕಲಿಯುವವರ ಜೊತೆ ಹೋಲಿಸಿದರು. ಕಿವಿಗೆ ಬಿದ್ದವರ ಉಚ್ಚಾರಣೆ ಸ್ಪ್ಯಾನಿಷ್ ಮನೆಮಾತಿನವರಿಗೆ ಹತ್ತಿರವಾಗಿತ್ತು. ಆದರೆ ವ್ಯಾಕರಣದಲ್ಲಿ ಲಾಭ ಕಾಣಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ, ಬಾಲ್ಯದಲ್ಲಿ ಸ್ವಲ್ಪ ಕಾಲವಾದರೂ ಬಾಯಿಬಿಟ್ಟು ಮಾತಾಡಿದವರಿಗೆ ವ್ಯಾಕರಣದಲ್ಲೂ ಲಾಭ ಕಂಡಿತು. ಪಾಠ ಸರಳ. ಕೇಳಿಸಿಕೊಂಡದ್ದು ವ್ಯರ್ಥವಾಗುವುದಿಲ್ಲ, ಕಿವಿಯಲ್ಲಿ ಕೂತಿರುತ್ತದೆ. ಆದರೆ ‘ನನಗೆ’ ‘ನಿನಗೆ’ ಗಟ್ಟಿಯಾಗಬೇಕಾದರೆ ಮಗು ಮಾತಾಡಬೇಕು.

ವಾಪಸ್ ಬಂದ ಮೇಲೆ

ಗಲ್ಫ್‌ಗೆ ಮರಳಿ ನಾವು ಮಾಡಿದ್ದು ದೊಡ್ಡದೇನಲ್ಲ. ಓದುಗ ಮಿತ್ರರಿಗೆ ಉಪಯೋಗವಾಗಬಹುದು ಎಂದು ಹೇಳುತ್ತೇವೆ.

ಮೊದಲನೆಯದು, ತಿದ್ದುವುದನ್ನು ನಿಲ್ಲಿಸಿದೆವು. ಮಗ ‘ನಾನು ಹಸಿವು’ ಎಂದರೆ “ಹೌದಾ, ನಿನಗೆ ಹಸಿವಾ? ನನಗೂ ಹಸಿವು” ಎಂದು ಸರಿ ರೂಪವನ್ನು ಮಾತಿನೊಳಗೇ ಕೊಡುತ್ತೇವೆ.

ಎರಡನೆಯದು, ಕನ್ನಡಕ್ಕೆ ಒಂದು ಕೆಲಸ ಕೊಟ್ಟೆವು. ಕೆಲಸವಿಲ್ಲದ ಭಾಷೆ ನಿವೃತ್ತಿಯಾಗುತ್ತದೆ. ಅಜ್ಜಿಗೆ ವಾರದ ಕಥೆ ಹೇಳುವ ಜವಾಬ್ದಾರಿ ಮಗನದು. ಏನು ಆಯಿತು, ಯಾಕೆ ಆಯಿತು, ಆಮೇಲೆ ಏನಾಯಿತು ಎಂದು ಅಜ್ಜಿ ಕೇಳುತ್ತಾರೆ. ಎದುರಿಗಿಲ್ಲದ ಸಂಗತಿಯನ್ನು ಹೇಳಲು ವ್ಯಾಕರಣ ಬೇಕೇ ಬೇಕು. ಕುಟುಂಬವನ್ನು ಊರಲ್ಲಿ ಬಿಟ್ಟಿರುವ ಗೆಳೆಯರೂ ಇದನ್ನು ಮಾಡಬಹುದು. “ಊಟ ಆಯ್ತಾ, ಓದಿದ್ಯಾ” ಎಂಬ ಪ್ರಶ್ನೆಗೆ ಮಗು ಒಂದೇ ಪದದ ಉತ್ತರ ಕೊಡುತ್ತದೆ. “ಇವತ್ತು ಶಾಲೆಯಲ್ಲಿ ಯಾರು ಬೈಸಿಕೊಂಡರು, ಯಾಕೆ?” ಎಂದು ಕೇಳಿ ನೋಡಿ, ಮಾತು ನಿಲ್ಲುವುದಿಲ್ಲ.

ಮೂರನೆಯದು, ನಮ್ಮ ಸಂಘದ ರಜೆ ದಿನದ ಕನ್ನಡ ತರಗತಿಯಲ್ಲಿ ಅಕ್ಷರದ ಜೊತೆ ಅರ್ಧ ಗಂಟೆ ಬರೀ ಮಾತಿಗೆ ಇಡಬೇಕೆಂದು ಕೇಳಿಕೊಂಡೆವು. ಅಕ್ಷರ ಬೇಡ ಎಂದಲ್ಲ. ಬರಹ ಭಾಷೆಯನ್ನು ಹಿಡಿದಿಡುತ್ತದೆ ಎಂದು ಬ್ರೈಟ್ ಮತ್ತು ರಾಮಾನುಜನ್ ತೋರಿಸಿದ್ದಾರೆ. ಆದರೆ ಹಿಡಿದಿಡಲು ಮೊದಲು ಮಾತು ಇರಬೇಕು. ಆ ಮಾತು ಧಾರವಾಡದ್ದಾಗಲಿ, ಕಾಸರಗೋಡಿನದ್ದಾಗಲಿ, ಕೋಲಾರದ್ದಾಗಲಿ.

ಮೊನ್ನೆ ಅಮ್ಮನ ಕರೆ ಬಂದಾಗ ಮಗನೇ ಫೋನ್ ಎತ್ತಿಕೊಂಡ. ಅಡುಗೆಮನೆಗೆ ಅವನ ಮಾತು ಕೇಳುತ್ತಿತ್ತು. “ಅಜ್ಜಿ, ನಿಮಗೆ ಕಾಲುನೋವು ಕಡಿಮೆ ಆಯ್ತಾ? ನಂಗೆ ಇವತ್ತು ಸಿಟ್ಟು 
ಬಂತು, ಯಾಕೆ ಗೊತ್ತುಂಟಾ...” ಕಥೆ ಶುರುವಾಯಿತು. ನಡುವೆ ನಾಲ್ಕು ಇಂಗ್ಲಿಷ್ ಪದ, ಎರಡು ಹಿಂದಿ ಪದ ಬಂದವು. ನಾವು ತಿದ್ದಲಿಲ್ಲ. ಆ ಕಡೆಯಿಂದ ಅಮ್ಮ ‘ಹೂಂ, ಹೂಂ, ಮತ್ತೆ?’ ಎನ್ನುತ್ತಲೇ ಇದ್ದರು.